ನೂತನ ನೌಕರರ ಮೊದಲ ದಿನಗಳು: ಪರಿಚಯ ಶಿಕ್ಷಣದ ಯೋಜನೆ

ಪ್ರತಿವರ್ಷದಂತೆ ಈ ವರ್ಷವೂ ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯ ಮಿತ್ರರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳನ್ನು ಕುರಿತು ಬರೆಯುತ್ತಿದ್ದಾರೆ. ಜಮೆ-ಖರ್ಚಿನ ಲೆಕ್ಕದಲ್ಲಿಯೇ ಇಪ್ಪತ್ತು ವರ್ಷಗಳನ್ನು ಕಳೆದ ನನ್ನಂಥವನಿಗೆ ಆ ಪಂಕ್ತಿಯಲ್ಲಿ ಕುಳ್ಳಿರುವ ಅರ್ಹತೆಯಿಲ್ಲ. ಆದರೂ ಸಂಪಾದಕರು ಲೇಖನವನ್ನು ಕೇಳಿದಾಗ ನಾನು ಆರಿಸಿಕೊಂಡ ವಿಷಯಕ್ಕೂ ಆರೋಗ್ಯಕ್ಕೂ ತಕ್ಕಮಟ್ಟಿಗೆ ಸಂಬಂಧವಿದೆಯೆಂಬುದು ವಾಚಕರಿಗೆ ಮುಂದೆ ತಿಳಿದೀತು.

ಹೊಸದಾಗಿ ಸೇರಿದ ನೌಕರನಿಗೆ ಸಂಸ್ಥೆಯ, ಕೆಲಸದ ಹಾಗೂ ಜೊತೆಗಾರರ ಪರಿಚಯ ಮಾಡಿಕೊಡುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ಓರಿಯೆಂಟೇಷನ್ ಎನ್ನುವರು. ಇಂಡಕ್ಷನ್ ಎಂದೂ ಹೇಳುವುದುಂಟು. ಪ್ರಸ್ತುತ ಲೇಖನದಲ್ಲಿ ಅದನ್ನು 'ಪರಿಚಯ ಶಿಕ್ಷಣ'ವೆಂದು ಕರೆಯೋಣ. ನಮ್ಮ ಸಂಘದ ಸದಸ್ಯರಲ್ಲಿ ಕೆಲವರು ಅಧಿಕಾರಿಗಳು, ಕೆಲವರು ಹೋಟೆಲು-ಅಂಗಡಿಗಳ ಒಡೆಯರು. ಇನ್ನುಳಿದವರ ಮನೆಗಳಲ್ಲಿ ಇಂದೋ ನಾಳೆಯೋ ನೌಕರಿಗೆ ಸೇರಲಿರುವ ಮಕ್ಕಳಿದ್ದಾರೆ. ಆದ್ದರಿಂದ ಈ ವಿಷಯವು ಯಾರಿಗೂ ಪರಕೀಯವಲ್ಲ.

ಸ್ವಂತ ಅನುಭವದಿಂದಲೇ ಆರಂಭಿಸುವೆನು. ವಾಣಿಜ್ಯ ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ ನಾನು 2004ರಲ್ಲಿ ಮುಂಬಯಿಯ ಒಂದು ಬ್ಯಾಂಕು ಶಾಖೆಗೆ ಗುಮಾಸ್ತನಾಗಿ ಬಂದೆನು. ಮೊದಲ ದಿನ ಹತ್ತಾರು ನಮೂನೆಗಳಿಗೆ ರುಜು ಹಾಕಿಸಿದರು. ಎರಡನೆಯ ದಿನ ಒಂದು ಮೂಲೆಯಲ್ಲಿ ಕುಳ್ಳಿರಿಸಿ ಹಳೆಯ ಸುತ್ತೋಲೆಗಳ ಕಡತವನ್ನು ಓದಲು ಕೊಟ್ಟರು. ಮೂರನೆಯ ದಿನ ಕ್ಯಾಷಿಯರೊಬ್ಬರು ರಜೆಯಲ್ಲಿದ್ದ ಕಾರಣ ನನ್ನನ್ನು ಹಣ ಪಾವತಿಯ ಕೌಂಟರಿನಲ್ಲಿ ಕುಳ್ಳಿರಿಸಿದರು. ಸಂಜೆ ಲೆಕ್ಕ ನೋಡಿದಾಗ 5,000 ರೂಪಾಯಿ ಕಡಿಮೆ. ಆಗಿನ ನನ್ನ ತಿಂಗಳ ಸಂಬಳದ ಅರ್ಧಕ್ಕಿಂತ ಹೆಚ್ಚು.

ಹಣವನ್ನು ಕೊಡುವ ಮೊದಲು ಯಾವ ಮುಖಬೆಲೆಯ ನೋಟುಗಳು ಎಷ್ಟೆಂದು ಚೆಕ್ಕಿನ ಹಿಂಬದಿಯಲ್ಲಿ ಬರೆದುಕೊಳ್ಳುವುದು ಕ್ಯಾಷಿಯರನ ಮೊದಲ ಪಾಠ. ಹಾಗೆ ಬರೆದಿದ್ದರೆ, ಯಾರಿಗೆ ನೂರರ ಕಟ್ಟಿನ ಬದಲು ಐನೂರರ ನೋಟುಗಳು ಹೋದವೆಂಬುದನ್ನು ಸಂಜೆಯಾದರೂ ಪತ್ತೆ ಹಚ್ಚಬಹುದಾಗಿತ್ತು. ನಾನು ಬರೆದಿರಲಿಲ್ಲ. ಪಕ್ಕದ ಕೌಂಟರಿನ ಹಿರಿಯರು ಏನನ್ನೋ ಗೀಚಿಕೊಳ್ಳುತ್ತಿದ್ದುದನ್ನು ಕಂಡಿದ್ದೆ. ಏಕೆಂದು ಕೇಳಲು ನಾಚಿಕೆಯಾಯಿತು. ಪ್ರಥಮ ದರ್ಜೆಯ ಪದವೀಧರನು ಇಷ್ಟೂ ತಿಳಿಯದವನೇ ಎಂದುಕೊಂಡಾರೆಂಬ ಅಂಜಿಕೆ. ಶಾಖೆಯಲ್ಲಿ ಯಾರೂ ನನಗೆ ಕೇಡು ಬಗೆಯಲಿಲ್ಲ. ಎಲ್ಲರಿಗೂ ತಿಳಿದಿದ್ದ ಸಂಗತಿಯಾದ್ದರಿಂದ ಯಾರೂ ಹೇಳಲಿಲ್ಲ, ಅಷ್ಟೆ. ಕೋಣೆಯ ಜೊತೆಗಾರನಿಂದ ಸಾಲ ತಂದು ಹಣವನ್ನು ತುಂಬಿದೆನು. ಆ ಭಾನುವಾರ ಬೆಳಿಗ್ಗೆ ಛತ್ರಪತಿ ಶಿವಾಜಿ ಟರ್ಮಿನಸ್‌ಗೆ ಹೋಗಿ, ಬೆಂಗಳೂರಿಗೆ ಹೊರಟಿದ್ದ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಮರಳಿ ಬಂದೆನು. ಈ ಮಾತನ್ನು ಮನೆಯವರಿಗೂ ಬಹುಕಾಲ ಹೇಳಿರಲಿಲ್ಲ.

ಭಯವೇ ಮೊದಲ ಅಡಚಣೆ

ಹೊಸಬನ ತಪ್ಪಿಗೆ ಅಜ್ಞಾನವು ಕಾರಣವೆಂದು ನಾವು ಭಾವಿಸುವೆವು. ನನ್ನ ಅನುಭವದಲ್ಲಿ ಕೇಳಲಾರದ ಭಯವು ಅದಕ್ಕಿಂತ ದೊಡ್ಡ ಕಾರಣ. ಈ ವಿಷಯದಲ್ಲಿ ಒಂದು ಪ್ರಯೋಗವನ್ನು ವಾಚಕರ ಗಮನಕ್ಕೆ ತರಬೇಕು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ವಿದ್ಯುನ್ಮಾನ ಉಪಕರಣಗಳ ಕಂಪನಿಯಲ್ಲಿ ಗೋಮರ್ಸಾಲ್ ಮತ್ತು ಮಯರ್ಸ್ ಎಂಬಿಬ್ಬರು ನಡೆಸಿದ ಆ ಪ್ರಯೋಗದ ವರದಿ 1966ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೂಕ್ಷ್ಮ ಬಿಡಿಭಾಗಗಳನ್ನು ಜೋಡಿಸುವ ಕೆಲಸಕ್ಕೆ ಸೇರಿದ ಮಹಿಳೆಯರನ್ನು ಮಾತನಾಡಿಸಿ ನೋಡಿದಾಗ, ಆರಂಭದ ದಿನಗಳ ಆತಂಕವೇ ಅವರ ಕಲಿಕೆಗೆ ಅಡ್ಡಿಯಾಗಿದ್ದುದು ತಿಳಿದುಬಂದಿತು. ಹಳಬರು ಹೊಸಬರನ್ನು ಹೆದರಿಸಿ ಮೋಜು ನೋಡುತ್ತಿದ್ದರು. ಹೊಸಬರಾದರೋ ತಮ್ಮ ತೊಡಕನ್ನು ಮೇಲ್ವಿಚಾರಕರ ಮುಂದೆ ಹೇಳಲು ಹಿಂಜರಿಯುತ್ತಿದ್ದರು.

ಅನಂತರ ಒಂದು ತಂಡಕ್ಕೆ ವಾಡಿಕೆಯಂತೆ ಎರಡು ತಾಸಿನ ವಿವರಣೆ ಕೊಟ್ಟು ಕೆಲಸಕ್ಕೆ ಹಚ್ಚಿದರು. ಇನ್ನೊಂದು ತಂಡಕ್ಕೆ ಅದೇ ವಿವರಣೆಯ ಬಳಿಕ ಇಡೀ ದಿನ ಕೆಲಸವನ್ನೇ ಕೊಡದೆ ಮಾತುಕತೆಗೆ ಬಿಟ್ಟರು. ಅಂದು ಅವರಿಗೆ ತಿಳಿಸಿದ ಸಂಗತಿಗಳು ನಾಲ್ಕೇ: ನೀವು ಯಶಸ್ವಿಯಾಗುವ ಸಂಭವವೇ ಹೆಚ್ಚು, ಹಳಬರ ಹೆದರಿಕೆಯ ಮಾತುಗಳಿಗೆ ಕಿವಿಗೊಡಬೇಡಿ, ಕೇಳಬೇಕಾದುದನ್ನು ನೀವಾಗಿ ಕೇಳಿರಿ, ನಿಮ್ಮ ಮೇಲ್ವಿಚಾರಕರು ಇಂಥ ಸ್ವಭಾವದವರು, ಅವರನ್ನು ಅರಿತುಕೊಳ್ಳಿರಿ. ಈ ಎರಡನೆಯ ಕ್ರಮದಿಂದ ತರಬೇತಿಯ ಕಾಲವು ಅರ್ಧಕ್ಕೆ ಇಳಿಯಿತು. ಗೈರುಹಾಜರಿಯೂ ತಡವಾಗಿ ಬರುವುದೂ ಅರ್ಧಕ್ಕೆ ಇಳಿದವು. ಒಂದು ದಿನದ ಕೆಲಸವನ್ನು ಬಿಟ್ಟುಕೊಟ್ಟುದಕ್ಕೆ ದೊರೆತ ಪ್ರತಿಫಲವಿದು. ಲೆಕ್ಕಿಗನ ಕಣ್ಣಿಗೂ ಇದು ಒಳ್ಳೆಯ ಹೂಡಿಕೆಯೆಂದೇ ಕಾಣುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ. ನೇಮಕದ ಔಪಚಾರಿಕತೆಗಳನ್ನೇ ಪರಿಚಯ ಶಿಕ್ಷಣವೆಂದು ತಿಳಿಯುವುದು ರೂಢಿ. ಪಿಂಚಣಿ ಯೋಜನೆಯ ಅರ್ಜಿ, ನಾಮನಿರ್ದೇಶನದ ನಮೂನೆ, ಗೋಪ್ಯತೆಯ ಪ್ರತಿಜ್ಞೆ, ಆರು ಭಾವಚಿತ್ರಗಳು — ಇವೆಲ್ಲವೂ ಸಂಸ್ಥೆಗೆ ಬೇಕಾದುವು, ಬೇಡವೆನ್ನಲಾಗದು. ಆದರೆ ಇವು ಸಂಸ್ಥೆಗೆ ನೌಕರನ ಪರಿಚಯವನ್ನು ಮಾಡಿಕೊಡುವವೇ ಹೊರತು ನೌಕರನಿಗೆ ಸಂಸ್ಥೆಯ ಪರಿಚಯವನ್ನಲ್ಲ.

ನನ್ನ ಮೊದಲ ಯೋಜನೆ ಮತ್ತು ಅದರ ಗತಿ

ಅಧಿಕಾರಿಯಾಗಿ ಬಡ್ತಿ ಹೊಂದಿದ ಕೆಲವು ವರ್ಷಗಳ ನಂತರ, ಹೊಸದಾಗಿ ಬರಲಿದ್ದ ಆರು ಮಂದಿಗೆ ಪರಿಚಯ ಶಿಕ್ಷಣವನ್ನು ಏರ್ಪಡಿಸುವ ಹೊಣೆ ನನ್ನ ಮೇಲೆ ಬಿದ್ದಿತು. ಹಳೆಯ ನೋವು ನೆನಪಿದ್ದುದರಿಂದ ಬಹಳ ಉತ್ಸಾಹದಿಂದ ತಯಾರಿ ನಡೆಸಿದೆನು. ಒಂದೂವರೆ ದಿನ, ಪರದೆಯ ಮೇಲೆ ಅರವತ್ತು ಪುಟಗಳು. ಬ್ಯಾಂಕಿನ ಇತಿಹಾಸ, ವಿಭಾಗಗಳ ರಚನೆ, ಗ್ರಾಹಕರ ಗುರುತಿನ ಪರಿಶೀಲನೆಗೆ ಸಂಬಂಧಿಸಿದಂತೆ ರಿಸರ್ವ್ ಬ್ಯಾಂಕು 2016ರಲ್ಲಿ ಹೊರಡಿಸಿದ ನಿರ್ದೇಶನ, ಠೇವಣಿಯ ಬಗೆಗಳು, ರಜೆಯ ನಿಯಮಗಳು, ಎಲ್ಲವೂ ಅದರಲ್ಲಿದ್ದವು. ಚೆಕ್ಕಿನ ಹಿಂಬದಿಯಲ್ಲಿ ನೋಟುಗಳ ವಿವರ ಬರೆಯುವುದಕ್ಕಾಗಿಯೇ ಎರಡು ಪುಟಗಳನ್ನು ಮೀಸಲಿಟ್ಟಿದ್ದೆ. ಮೇಲಧಿಕಾರಿಗಳು ಬೆನ್ನು ತಟ್ಟಿದರು.

ಆ ಆರು ಮಂದಿಯಲ್ಲಿ ಉತ್ತರ ಕನ್ನಡ ಜಿಲ್ಲೆಯಿಂದ ಬಂದ ತರುಣಿಯೊಬ್ಬರಿದ್ದರು. ಸೇರಿ ಎರಡು ವಾರ ತುಂಬುವುದರೊಳಗೆ ಜ್ವರವೆಂದು ರಜೆ ಹಾಕಿದರು. ಮೂರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಮೂತ್ರನಾಳದ ಸೋಂಕು. ನೀರನ್ನು ಕಡಿಮೆ ಕುಡಿದುದೂ ಮೂತ್ರವನ್ನು ಬಹಳ ಹೊತ್ತು ತಡೆದಿಟ್ಟುಕೊಂಡುದೂ ಇದಕ್ಕೆ ಎಡೆಮಾಡಿಕೊಟ್ಟಿರಬೇಕೆಂದು ವೈದ್ಯರು ಹೇಳಿದರಂತೆ. ಸಂಗತಿ ಏನೆಂದರೆ, ನಮ್ಮ ಕಟ್ಟಡದಲ್ಲಿ ಮಹಿಳೆಯರ ಶೌಚಾಲಯವು ಮೇಲಿನ ಅಂತಸ್ತಿನಲ್ಲಿದ್ದು ಅದಕ್ಕೆ ಬೀಗ ಹಾಕಿರುತ್ತಿದ್ದರು; ಬೀಗದ ಕೈ ಇನ್ನೊಂದು ವಿಭಾಗದ ಗುಮಾಸ್ತರ ಮೇಜಿನಲ್ಲಿರುತ್ತಿತ್ತು. ಆಕೆಯ ವಿಭಾಗದಲ್ಲಿ ಇದ್ದವರೆಲ್ಲ ಗಂಡಸರು. ಯಾರನ್ನು ಕೇಳುವುದು? ಬೆಳಿಗ್ಗೆ ವಾಸಸ್ಥಳದಿಂದ ಹೊರಟವರು ಸಂಜೆ ಏಳಕ್ಕೆ ಮರಳುವವರೆಗೆ ನೀರು ಕುಡಿಯದಿರುವುದೇ ಲೇಸೆಂದು ನಿಶ್ಚಯಿಸಿಕೊಂಡಿದ್ದರು. ನಮ್ಮ ಹಿರಿಯ ಮಹಿಳಾ ಸಹೋದ್ಯೋಗಿಯೊಬ್ಬರು ಆಸ್ಪತ್ರೆಗೆ ನೋಡಲು ಹೋದಾಗ ಇದು ಹೊರಬಿದ್ದಿತು. ಅವರು ಮರಳಿ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ನಿಮ್ಮ ಅರವತ್ತು ಪುಟಗಳಲ್ಲಿ ಇದು ಎಲ್ಲಿತ್ತು, ಸರ್?"

ಉತ್ತರವಿರಲಿಲ್ಲ. ನನ್ನ ಭಯವೇನೆಂಬುದನ್ನು ನಾನು ಅರಿತಿದ್ದೆ. ಅದಕ್ಕೆ ಎರಡು ಪುಟಗಳನ್ನು ಬರೆದಿದ್ದೆ. ಇನ್ನೊಬ್ಬರ ಭಯವೇನೆಂದು ಕೇಳಿಯೇ ಇರಲಿಲ್ಲ.

ತಿದ್ದಿದ ಯೋಜನೆ

ಅಂದಿನಿಂದ ನಾವು ಅನುಸರಿಸುತ್ತ ಬಂದ ಕ್ರಮವನ್ನು ಸಂಕ್ಷೇಪವಾಗಿ ತಿಳಿಸುವೆನು. ಇದರಲ್ಲಿ ಖರ್ಚಿನ ಬಾಬು ಯಾವುದೂ ಇಲ್ಲ.

ನೌಕರನು ಬರುವ ಮೊದಲೇ ಕೆಲಸ ಆರಂಭವಾಗಬೇಕು. ಮುಂಬಯಿಯಲ್ಲಿ ವಿಳಾಸವೆಂದರೆ ರಸ್ತೆಯ ಹೆಸರಲ್ಲ. ಯಾವ ರೈಲು ನಿಲ್ದಾಣ, ಪೂರ್ವವೋ ಪಶ್ಚಿಮವೋ ಎಂಬುದು. ಇದನ್ನು ತಿಳಿಸದೆ ಇದ್ದುದರಿಂದ ಸೇತುವೆಯ ತಪ್ಪು ಬದಿಗೆ ಇಳಿದು, ಬೆವರು ಸುರಿಸುತ್ತ ಒಂದು ತಾಸು ತಡವಾಗಿ ಬಂದು, ಮೊದಲ ದಿನವೇ ತಪ್ಪಿತಸ್ಥರಂತೆ ನಿಂತವರನ್ನು ಕಂಡಿದ್ದೇನೆ. ಆದ್ದರಿಂದ ಮೊದಲೇ ದೂರವಾಣಿ ಮಾಡಿ, ದಾರಿಯನ್ನೂ ತರಬೇಕಾದ ಕಾಗದಪತ್ರಗಳನ್ನೂ ತಿಳಿಸಿ, ಇಳಿದುಕೊಳ್ಳುವ ಏರ್ಪಾಡು ಆಗಿದೆಯೇ ಎಂದು ವಿಚಾರಿಸುವೆವು. ಕುಳ್ಳಿರಲು ಜಾಗ ಮತ್ತು ಗಣಕಯಂತ್ರದ ಬಳಕೆದಾರ ಸಂಖ್ಯೆ ಸಿದ್ಧವಿರಬೇಕು. ಬಳಕೆದಾರ ಸಂಖ್ಯೆ ಬಾರದೆ ವಾರಗಟ್ಟಲೆ ಇತರರ ಬೆನ್ನ ಹಿಂದೆ ನಿಲ್ಲುವ ಹೊಸಬನಿಗೆ, ತಾನು ಇಲ್ಲಿಗೆ ಬೇಕಾದವನಲ್ಲವೆಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ.

ಮೊದಲ ದಿನ ಪರದೆಯ ಮೇಲಿನ ಉಪನ್ಯಾಸವಿಲ್ಲ. ಕಟ್ಟಡವನ್ನು ಸುತ್ತಾಡಿಸುವುದು, ಕುಡಿಯುವ ನೀರು, ಶೌಚಾಲಯ, ಊಟದ ಜಾಗ, ಬೆಂಕಿ ಬಿದ್ದರೆ ಇಳಿಯುವ ಮೆಟ್ಟಿಲು. ಮಹಿಳೆಯರಿಗೆ ಮಹಿಳೆಯರೇ ತೋರಿಸಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಕಛೇರಿಯಲ್ಲಿಯೂ ಲೈಂಗಿಕ ಕಿರುಕುಳದ ದೂರನ್ನು ಆಲಿಸಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ವಿಧಿಸುತ್ತದೆ. ಆ ಸಮಿತಿಯ ಸದಸ್ಯರ ಹೆಸರನ್ನು ಫಲಕದ ಮೇಲೆ ಬರೆದರೆ ಸಾಲದು. ಅವರ ಮುಖ ಪರಿಚಯವನ್ನೂ ಅಂದೇ ಮಾಡಿಸುವುದು ಒಳ್ಳೆಯದು. ಶಾಖಾ ವ್ಯವಸ್ಥಾಪಕರು ಎಷ್ಟೇ ಕೆಲಸವಿದ್ದರೂ ಅರ್ಧ ತಾಸು ಅವರೊಡನೆ ಕುಳಿತು, ಚಹಾ ಕುಡಿದು, ತಮ್ಮ ಮೊದಲ ದಿನದ ಒಂದು ತಪ್ಪನ್ನು ಹೇಳಿಕೊಳ್ಳಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಕೆಲವರು ಒಪ್ಪುವುದಿಲ್ಲ, ಅದರಿಂದ ಅಧಿಕಾರದ ಘನತೆಗೆ ಕುಂದೆಂಬುದು ಅವರ ಎಣಿಕೆ. ಒಪ್ಪಿದವರ ಶಾಖೆಗಳಲ್ಲಿ ಹೊಸಬರು ಎರಡನೆಯ ದಿನದಿಂದಲೇ ಬಾಯಿಬಿಟ್ಟು ಕೇಳುವುದನ್ನು ಕಂಡಿದ್ದೇನೆ.

ಇನ್ನು ಸಂಗಾತಿಯ ವಿಷಯ. ಪ್ರತಿ ಹೊಸಬನಿಗೆ ಒಬ್ಬ ಹಳಬನನ್ನು ಜೊತೆಗೊಡಿಸುವ ಪದ್ಧತಿ ಅನೇಕ ಕಡೆಗಳಲ್ಲಿದೆ. ಈ ಕೆಲಸಕ್ಕೆ ಶಾಖೆಯ ಅತ್ಯಂತ ನುರಿತ ನೌಕರನನ್ನೇ ನೇಮಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವನಿಗೆ ತನಗೆ ಒಂದು ಕಾಲದಲ್ಲಿ ಏನು ತಿಳಿದಿರಲಿಲ್ಲವೆಂಬುದೇ ಮರೆತಿರುತ್ತದೆ. ಎರಡು-ಮೂರು ವರ್ಷಗಳ ಹಿಂದೆ ಬಂದವನೇ ಮೇಲು. ಅವನ ಕಾಲಿನ ಮುಳ್ಳು ಇನ್ನೂ ಹಸಿಯಾಗಿರುತ್ತದೆ. ಸಂಗಾತಿಯು ಹೊಸಬನ ಕೆಲಸದ ಬಗ್ಗೆ ಮೇಲಧಿಕಾರಿಗಳಿಗೆ ವರದಿ ಕೊಡುವವನಾಗಿರಕೂಡದು. ಮೊದಲ ಎರಡು ವಾರ ಅವನ ಸ್ವಂತ ಕೆಲಸದಲ್ಲಿ ಅರ್ಧವನ್ನಾದರೂ ಇಳಿಸಬೇಕು. ಇಲ್ಲವಾದರೆ ಈ ಏರ್ಪಾಡು ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ನಿಯಮಗಳೆಲ್ಲವನ್ನೂ ಒಂದೇ ದಿನ ತುಂಬುವುದನ್ನು ಬಿಟ್ಟು, ತಪ್ಪಿದರೆ ತಕ್ಷಣ ಹಾನಿಯಾಗುವ ಸಂಗತಿಗಳನ್ನು ಮಾತ್ರ ಮೊದಲ ವಾರದಲ್ಲಿ ಕಲಿಸುವೆವು. ಉದಾಹರಣೆಗೆ ಖೋಟಾ ನೋಟು. ಕೌಂಟರಿಗೆ ಬಂದ ಖೋಟಾ ನೋಟನ್ನು, ತಂದವರು ಎಷ್ಟೇ ಅಂಗಲಾಚಿದರೂ ಹಿಂದಿರುಗಿಸಕೂಡದು. ಅದರ ಮೇಲೆ ಮುದ್ರೆಯನ್ನೊತ್ತಿ, ವಶಕ್ಕೆ ತೆಗೆದುಕೊಂಡು, ತಂದವರಿಗೆ ರಸೀದಿ ಕೊಡಬೇಕು. ಒಂದೇ ವ್ಯವಹಾರದಲ್ಲಿ ಐದು ಅಥವಾ ಹೆಚ್ಚು ಸಿಕ್ಕರೆ ಪೊಲೀಸರಲ್ಲಿ ದೂರು ದಾಖಲಿಸಬೇಕು. ಕರುಣೆಯಿಂದ ನೋಟನ್ನು ಮರಳಿಸುವ ಹೊಸ ಕ್ಯಾಷಿಯರನು ತಾನು ಪುಣ್ಯದ ಕೆಲಸ ಮಾಡಿದೆನೆಂದೇ ಭಾವಿಸಿರುತ್ತಾನೆ.

'ಇಲ್ಲ' ಎನ್ನುವುದನ್ನು ಕಲಿಸುವುದು

ಎಲ್ಲಕ್ಕಿಂತ ಕಷ್ಟದ ಪಾಠ ಪಾಸ್‌ವರ್ಡಿನದು. ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದುದನ್ನು ಇನ್ನೊಬ್ಬರು ಪರಿಶೀಲಿಸಿ ಅನುಮೋದಿಸಬೇಕೆಂಬುದು ಮೂಲಸೂತ್ರ. ಭದ್ರಕೋಣೆಗೆ ಇಬ್ಬರ ಕೈಯಲ್ಲಿ ಎರಡು ಬೀಗದ ಕೈಗಳಿರುವುದೂ ಇದೇ ಕಾರಣದಿಂದ. ಆದರೆ ಕೌಂಟರಿನ ಮುಂದೆ ಮೂವತ್ತು ಜನ ನಿಂತಿರುವಾಗ ಹಿರಿಯರೊಬ್ಬರು, "ನಿನ್ನ ಪಾಸ್‌ವರ್ಡ್ ಹೇಳು ಮಾರಾಯ, ನಾನೇ ಮುಗಿಸಿಬಿಡುತ್ತೇನೆ" ಎಂದರೆ ಮೂರು ವಾರದ ಹೊಸಬನು ಹೇಗೆ ನಿರಾಕರಿಸಬೇಕು? ಹಿರಿಯರನ್ನು ಎದುರಿಸಬಾರದೆಂಬ ಮನೆಯ ಸಂಸ್ಕಾರವೇ ಇಲ್ಲಿ ಅವನಿಗೆ ಉರುಳಾಗುತ್ತದೆ. ಆ ಹೆಸರಿನಲ್ಲಿ ಆದ ಪ್ರತಿಯೊಂದು ನಮೂದಿಗೂ ವಿಚಾರಣೆಯ ಸಮಯದಲ್ಲಿ ಮೊದಲು ಉತ್ತರ ಕೊಡಬೇಕಾದವನು ಅವನೇ. ಇನ್ನೊಬ್ಬರು ಬಳಸಿದರೆಂದು ಸಾಧಿಸಿದರೂ, ಕೊಟ್ಟದ್ದೇ ತಪ್ಪೆಂಬ ಆರೋಪ ಉಳಿಯುತ್ತದೆ. ಪ್ರೊಬೇಷನ್ ಮುಗಿಯದವನ ಪಾಲಿಗೆ ಇದು ನೌಕರಿಯ ಅಳಿವು-ಉಳಿವಿನ ಪ್ರಶ್ನೆ.

ಪಾಸ್‌ವರ್ಡನ್ನು ಯಾರಿಗೂ ಕೊಡಬಾರದೆಂಬ ನಿಯಮವನ್ನು ಓದಿ ಹೇಳಿದರೆ ಪ್ರಯೋಜನವಿಲ್ಲ. ಅದು ಎಲ್ಲರಿಗೂ ಗೊತ್ತು. ಆದ್ದರಿಂದ ನಾವು ಅದನ್ನು ಆಡಿಸಿ ತೋರಿಸುತ್ತೇವೆ. ನಾನು ಅವಸರದ ಹಿರಿಯನಾಗಿ ಗದರುತ್ತೇನೆ; ಹೊಸಬರು ವಿನಯದಿಂದಲೇ ನಿರಾಕರಿಸಬೇಕು. "ಸರ್, ನಾನೇ ಬಂದು ಒತ್ತುತ್ತೇನೆ, ನೀವು ಹೇಳಿದಂತೆ ಮಾಡುತ್ತೇನೆ" ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸುತ್ತೇವೆ. ಮೊದಮೊದಲು ಎಲ್ಲರೂ ನಗುತ್ತಾರೆ. ನಾಲ್ಕನೆಯ ಬಾರಿ ಗದರಿದಾಗ ನಗು ನಿಲ್ಲುತ್ತದೆ. ಈ ಪಾಠವು ಹಳಬರ ಎದುರಿನಲ್ಲಿಯೇ ನಡೆಯಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದು ವಿವರಿಸಬೇಕಿಲ್ಲ.

ನರೆಗೂದಲಿನ ಹೊಸಬರು

ಹೊಸ ನೌಕರರೆಂದರೆ ಯಾವಾಗಲೂ ಇಪ್ಪತ್ತೆರಡರ ತರುಣರೆಂದು ತಿಳಿಯಬಾರದು. ಕನ್ನಡ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳ ಪೈಕಿ, 1913ರಲ್ಲಿ ಸ್ಥಾಪನೆಗೊಂಡ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. 1931ರ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ 1906ರ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, 1925ರ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದವು. ಆಗ ದೇಶವೇ ಕೊರೋನಾದ ಲಾಕ್‌ಡೌನಿನಲ್ಲಿತ್ತು. ಮುಂಬಯಿಯಲ್ಲಿರುವ ನಮ್ಮವರ ಅದೆಷ್ಟೋ ಕುಟುಂಬಗಳ ಅನ್ನ ಈ ಬ್ಯಾಂಕುಗಳಿಂದ ಬಂದುದು. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಮೂವತ್ತು ವರ್ಷಗಳ ಅನುಭವಿಗಳು ಇನ್ನೊಂದು ಸಂಸ್ಥೆಯ ಹೊಸ ನೌಕರರಾದರು.

ಇವರ ಪರಿಚಯ ಶಿಕ್ಷಣವು ಬೇರೆಯೇ ರೀತಿಯದಾಗಬೇಕು. ಬ್ಯಾಂಕಿಂಗ್ ಎಂದರೇನೆಂದು ಇವರಿಗೆ ಹೇಳಹೊರಟರೆ ಅದು ಅವಮಾನ. ಇವರಿಗೆ ಬೇಕಾದುದು 'ನಿಮ್ಮಲ್ಲಿ ಹೀಗಿತ್ತು, ಇಲ್ಲಿ ಹೀಗೆ' ಎಂಬ ಒಂದು ಪಟ್ಟಿ: ಸಾಲ ಮಂಜೂರಾತಿಯ ಮಿತಿ, ನಮೂನೆಗಳ ಹೆಸರು, ಗಣಕಯಂತ್ರದ ಪರದೆಯ ಮೇಲಿನ ಸಂಕೇತ ಸಂಖ್ಯೆಗಳು. ನನ್ನ ಪರಿಚಯದ ಹಿರಿಯರೊಬ್ಬರು ಬೆರಳ ತುದಿಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ, ವಿಲೀನದ ಬಳಿಕ ಮಗಳ ವಯಸ್ಸಿನ ಹುಡುಗಿಯನ್ನು ದಿನಕ್ಕೆ ಹತ್ತು ಬಾರಿ ಕೇಳಬೇಕಾಗಿ ಬಂದಿತು. ಕೇಳಲಾರದೆ ಸಂಜೆ ಎಲ್ಲರೂ ಹೋದ ಮೇಲೆ ಒಬ್ಬರೇ ಕುಳಿತು ಅಭ್ಯಾಸ ಮಾಡುತ್ತಿದ್ದರು. ರಾತ್ರಿ ನಿದ್ದೆ ಬರುತ್ತಿರಲಿಲ್ಲವೆಂದು ನನ್ನಲ್ಲಿ ಹೇಳಿಕೊಂಡರು. ಆ ಹುಡುಗಿಗೆ ಸೂಕ್ಷ್ಮ ಬುದ್ಧಿ. ಒಂದು ದಿನ ಸಾಲಪತ್ರವೊಂದನ್ನು ತಂದು, "ಸರ್, ಈ ಪಕ್ಷಕಾರನ ಲೆಕ್ಕಪತ್ರ ನಿಜವೇ ಎಂದು ನೋಡಲು ನನಗೆ ಕಲಿಸಿಕೊಡಿ, ಪರದೆಯ ಕೆಲಸ ನಾನು ತೋರಿಸುತ್ತೇನೆ" ಎಂದಳಂತೆ. ಅಲ್ಲಿಂದ ಮುಂದೆ ಇಬ್ಬರೂ ಪರಸ್ಪರ ಶಿಷ್ಯರಾದರು. ಯಾವ ಸುತ್ತೋಲೆಯೂ ಇದನ್ನು ಸೂಚಿಸಿರಲಿಲ್ಲ, ಸೂಚಿಸಬೇಕಿತ್ತು.

ಹೋಟೆಲು, ಅಂಗಡಿಗಳನ್ನು ನಡೆಸುವ ಸದಸ್ಯರಿಗೂ ಒಂದು ಮಾತು. ಹಿಂದೆ ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗನಿಗೆ ಅದೇ ಊರಿನ ಹಳೆಯ ಮಾಣಿಯೊಬ್ಬನು ಊಟ, ಮಲಗುವ ಜಾಗ, ಗಿರಾಕಿಗಳ ಮರ್ಜಿ ಎಲ್ಲವನ್ನೂ ತಿಳಿಸಿಕೊಡುತ್ತಿದ್ದನು; ದುಡಿಮೆಯ ನಂತರ ಓದಿಸಲು ಕನ್ನಡ ರಾತ್ರಿ ಶಾಲೆಗಳಿದ್ದವು. ಇಂದು ಅಡಿಗೆಮನೆಗೆ ಸೇರುವ ಹುಡುಗನು ಒಡಿಶಾದವನೋ ನೇಪಾಳದವನೋ ಆಗಿರಬಹುದು. ಅವನಿಗೆ ಊರಿನ ಅಣ್ಣನಿಲ್ಲ. ನಾಲ್ಕೇ ಜನರಿರುವ ಅಂಗಡಿಯಲ್ಲಿಯೂ, ಸುಟ್ಟರೆ ಔಷಧ ಎಲ್ಲಿದೆ, ಅನಿಲದ ಕೊಳವೆಯನ್ನು ಹೇಗೆ ಮುಚ್ಚಬೇಕು, ವಾರದ ರಜೆ ಯಾವ ದಿನ, ಸಂಬಳ ಯಾವ ದಿನ ಎಂಬುದನ್ನು ಮೊದಲ ದಿನವೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಲು ಹತ್ತು ನಿಮಿಷ ಸಾಕು.

ಭಾಷೆಯ ಮಾತು ಬಂದುದರಿಂದ ನಮ್ಮದೇ ಒಂದು ದೋಷವನ್ನು ಹೇಳದೆ ಇರಲಾರೆ. ಶಾಖೆಯಲ್ಲಿ ಮೂವರು ಕನ್ನಡಿಗರಿದ್ದರೆ ನಾಲ್ಕನೆಯ ಕನ್ನಡಿಗ ಹೊಸಬನನ್ನು ಪ್ರೀತಿಯಿಂದ ನಮ್ಮ ಊಟದ ಮೇಜಿಗೆ ಕರೆದುಕೊಳ್ಳುವೆವು. ಒಳ್ಳೆಯದೇ. ಆದರೆ ಅದೇ ದಿನ ಸೇರಿದ ಸಾತಾರಾದ ಹುಡುಗನು ಪಕ್ಕದ ಮೇಜಿನಲ್ಲಿ ಒಬ್ಬನೇ ಡಬ್ಬಿ ಬಿಚ್ಚುತ್ತಿರುತ್ತಾನೆ. ನಮ್ಮ ಹುಡುಗನಿಗೂ ಇದರಿಂದ ನಷ್ಟವೇ. ಕೌಂಟರಿನಲ್ಲಿ ಬೇಕಾಗುವ ನಾಲ್ಕು ಮರಾಠಿ ಮಾತುಗಳು ನಮ್ಮ ಮೇಜಿನಲ್ಲಿ ಸಿಕ್ಕುವುದಿಲ್ಲ.

ಕೊನೆಯದಾಗಿ, ಮೂವತ್ತನೆಯ ದಿನದ ಕಾಗದ. ತಿಂಗಳು ತುಂಬಿದಾಗ ಪ್ರತಿ ಹೊಸಬನಿಗೂ ಒಂದು ಬಿಳಿಯ ಹಾಳೆಯನ್ನು ಕೊಟ್ಟು, 'ಯಾರೂ ನಿಮಗೆ ಹೇಳದೆ ಇದ್ದ, ಆದರೆ ಮೊದಲೇ ತಿಳಿದಿರಬೇಕಾಗಿದ್ದ ಸಂಗತಿ ಯಾವುದು?' ಎಂಬ ಒಂದೇ ಪ್ರಶ್ನೆಗೆ ಉತ್ತರ ಬರೆಸುತ್ತೇವೆ. ಹೆಸರು ಬರೆಯಬೇಕಿಲ್ಲ. ಬಂದ ಉತ್ತರಗಳನ್ನು ಮುಂದಿನ ತಂಡದ ಪಟ್ಟಿಗೆ ಸೇರಿಸುತ್ತೇವೆ. ಮೊದಲ ಸಂಬಳವು ತಡವಾಗಬಹುದೆಂಬುದು, ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿಯನ್ನು ಶೀತಪೆಟ್ಟಿಗೆಯಿಂದ ತೆಗೆದುಕೊಳ್ಳದಿದ್ದರೆ ಎಸೆಯುವರೆಂಬುದು, ಮೇಲಧಿಕಾರಿಗಳು ಜೋರಾಗಿ ಮಾತನಾಡಿದರೆ ಸಿಟ್ಟೆಂದಲ್ಲ, ಅವರ ಒಂದು ಕಿವಿ ಮಂದವೆಂಬುದು — ಹೀಗೆ ಇಪ್ಪತ್ತಮೂರು ಬಾಬುಗಳಾಗಿವೆ. ಪಟ್ಟಿಯನ್ನು ನೋಡಿಕೊಳ್ಳುವ ಕೆಲಸ ಈಗ ಉತ್ತರ ಕನ್ನಡದ ಆ ಸಹೋದ್ಯೋಗಿಯದು. ಮೊದಲ ಬಾಬು ಅವರ ಕೈಬರಹದಲ್ಲಿಯೇ ಇದೆ: ಮೇಲಿನ ಅಂತಸ್ತು, ಎಡಗಡೆಯ ಎರಡನೆಯ ಬಾಗಿಲು, ಈಗ ಬೀಗವಿಲ್ಲ.